ಐದು ನಿಮಿಷ ಮಾತಾಡಬಾರದು

ಫೆಬ್ರವರಿ 7, 2000, ಸೋಮವಾರ

ಇವತ್ತು ಹದಿನೇಳು ತೋಳು. ತರಬೇತಿ ಮುಗಿದ ಮೇಲೆ ಇದೇ ಮೊದಲ ದಿನ. ಚೆನ್ನೈನ ಈ ವೆಸ್ಟ್ ಮಾಂಬಲಂನ ಒಂದೊಂದು ಬೀದಿ ಹಿಡಿದು ಪ್ರತಿ ಐದನೆಯ ಬಾಗಿಲು ತಟ್ಟಬೇಕು. ಮನೆಯಲ್ಲಿ ಇಪ್ಪತ್ತು ದಾಟಿದ ಎಲ್ಲರ ಬಿಪಿ ನೋಡಬೇಕು. ಆಮೇಲೆ ಫಾರಂ: ವಯಸ್ಸು, ತೂಕ, ಸೊಂಟದ ಸುತ್ತಳತೆ, ಸಿಗರೇಟು, ಕುಡಿತ, ನಡಿಗೆ, ನಿದ್ದೆ, ಅಪ್ಪ ಅಮ್ಮನಿಗೆ ಇತ್ತೇ, ತಿಂಗಳಿಗೆ ಎಷ್ಟು ಪ್ಯಾಕೆಟ್ ಉಪ್ಪು. ಊರಿನಲ್ಲಿ ಎಷ್ಟು ಜನಕ್ಕೆ ಬಿಪಿ ಇದೆ, ಏನಿದ್ದವರಿಗೆ ಬರುತ್ತದೆ ಎಂದು ಲೆಕ್ಕ ಹಾಕುತ್ತಾರಂತೆ.

ನಿಯಮಗಳು ನನಗೆ ಬಹಳ ಇಷ್ಟವಾದವು. ಬೆನ್ನು ಒರಗಿಸಿ, ಎರಡೂ ಪಾದ ನೆಲಕ್ಕೆ ತಾಗಿಸಿ, ಐದು ನಿಮಿಷ ಸುಮ್ಮನೆ ಕೂರಿಸಬೇಕು. ಅವರೂ ಮಾತಾಡಬಾರದು, ನಾವೂ ಮಾತಾಡಬಾರದು. ಮೂರು ಸಲ ನೋಡಬೇಕು. ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ. "ಪಾದರಸ ಎಲ್ಲಿ ನಿಂತಿತೋ ಅದನ್ನೇ ಬರೀಬೇಕು. ಚೆಂದ ಕಾಣಲಿ ಅಂತ ನೂರ ನಲವತ್ತು ಮಾಡಬಾರದು" ಎಂದರು ಸರಸ ಡಾಕ್ಟರು. ಈ ಸರ್ವೆ ನಡೆಸುತ್ತಿರುವವರು ಅವರೇ.

ಇಂಥ ಮಾತನ್ನು ಯಾರಾದರೂ ಹೇಳಲಿ ಎಂದು ನಾನು ಎರಡು ವರ್ಷದಿಂದ ಕಾಯುತ್ತಿದ್ದೆ. ಪ್ಲಸ್ ಟೂ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ನಮ್ಮ ಕೈಗೆ ಕೊಟ್ಟ ಪುಡಿ ಯಾವುದು ಎಂದು ಅಟೆಂಡರ್ ಮೊದಲೇ ಎಲ್ಲರ ಕಿವಿಯಲ್ಲಿ ಹೇಳಿಬಿಟ್ಟಿದ್ದ. ಹೊರಗಿನಿಂದ ಬಂದ ಪರೀಕ್ಷಕರಿಗೆ ನಾನು ಅದನ್ನು ಹೇಳಿದೆ. ಆಮೇಲೆ ಆ ಶಾಲೆಗೆ ಹೋಗಲಾಗಲಿಲ್ಲ. ಪರೀಕ್ಷೆಗೂ ಕೂರಲಿಲ್ಲ. ಅಪ್ಪ ಕೇಳಿದವರಿಗೆಲ್ಲ "ಫೇಲಾದ್ಲು" ಎನ್ನುತ್ತಾರೆ. ನಾನು ಫೇಲಾಗಿಲ್ಲ. ಆದರೆ ಅದಾದ ಮೇಲೆ ಟೈಪಿಂಗ್ ಬಿಟ್ಟೆ, ಜವಳಿ ಅಂಗಡಿ ಬಿಟ್ಟೆ, ಹಿಂದಿ ಕ್ಲಾಸು ಬಿಟ್ಟೆ. ಇದು ನಾಲ್ಕನೆಯದು.

ಫೆಬ್ರವರಿ 11

ಈ ಕೆಲಸದಲ್ಲಿ ದೊಡ್ಡ ಕಷ್ಟ ಕಾಫಿ. ಬಿಪಿ ನೋಡುವ ಅರ್ಧ ಗಂಟೆ ಮೊದಲಿನಿಂದ ಅವರು ಕಾಫಿ ಕುಡಿದಿರಬಾರದು. ಆದರೆ ಈ ಬೀದಿಗಳಲ್ಲಿ ನಾವು ಚಪ್ಪಲಿ ಬಿಡುವುದರೊಳಗೆ ಒಳಗೆ ಹಾಲು ಒಲೆಯ ಮೇಲೇರಿರುತ್ತದೆ. ನಮಗೆ ಕೊಟ್ಟು ತಾವು ಸುಮ್ಮನೆ ಕೂರುವುದು ಅವರಿಗೆ ಅವಮಾನ. ನಾವು ಬೇಡ ಎಂದರೆ ಇನ್ನೂ ದೊಡ್ಡ ಅವಮಾನ.

ನಮ್ಮ ಕಟ್ಟಡದ ಕೆಳಮನೆಯ ರಮಾಬಾಯಿ ಅಜ್ಜಿಗೆ ನಿಯಮ ಹೇಳಿದೆ.

"ಅರ್ಧ ಗಂಟೆ ಕಾಫಿ ಇಲ್ದೆ ಕೂರಿಸು, ಆಮೇಲೆ ನನ್ನ ಬಿಪಿ ಎಲ್ಲಿಗೆ ಹೋಗತ್ತೆ ನೋಡು" ಎಂದರು.

ಮನೆಯಲ್ಲಿ ಇಬ್ಬರೇ, ತಿಂಗಳಿಗೆ ನಾಲ್ಕು ಪ್ಯಾಕೆಟ್ ಉಪ್ಪು. ನಾಲ್ಕು ಕೇಜಿ ಇಬ್ಬರೇ ತಿನ್ನುತ್ತೀರಾ ಎಂದು ಕೇಳಿದೆ.

"ತಿನ್ನೋಕೆ ನಾವೇನು ಎಮ್ಮೆಗಳಾ? ಉಪ್ಪಿನಕಾಯಿ ಯಾರು ಹಾಕೋದು, ನಿಮ್ಮ ಡಾಕ್ಟರಮ್ಮನಾ?"

ಆ ಉಪ್ಪಿನಕಾಯಿ ಅಂಬತ್ತೂರಿನ ಮಗಳ ಮನೆಗೂ ಕೊಯಮತ್ತೂರಿನ ಮಗಳ ಮನೆಗೂ ಹೋಗುತ್ತದೆ. ಹಾಗಾದರೆ ಆ ಉಪ್ಪನ್ನು ಯಾರ ಫಾರಂನಲ್ಲಿ ಬರೆಯುವುದು? ಕಾಲಂ ಪಕ್ಕದಲ್ಲಿ ಎಲ್ಲವನ್ನೂ ಸಣ್ಣಕ್ಷರದಲ್ಲಿ ಬರೆದೆ.

172/94. ಅಜ್ಜಿಗೆ ತಲೆನೋವಿಲ್ಲ, ತಲೆಸುತ್ತಿಲ್ಲ, ಏನೂ ಗೊತ್ತೇ ಇರಲಿಲ್ಲ. ಡಾಕ್ಟರ ಹತ್ತಿರ ಹೋಗಿ ಎಂದು ಚೀಟಿ ಕೊಟ್ಟೆ. "ನಮ್ಮ ನಾದಿನಿಗೆ ನೂರ ಅರವತ್ತೇ ಅಂತೆ" ಎಂದು ಸಮಾಧಾನದಿಂದ ಚೀಟಿಯನ್ನು ಪಂಚಾಂಗದೊಳಗೆ ಇಟ್ಟರು.

ಇಲ್ಲಿಯವರೆಗೆ ನಾನು ನೋಡಿದವರು ನೂರು. ಇಪ್ಪತ್ತಾರು ಜನಕ್ಕೆ ಹೆಚ್ಚು. ಅದರಲ್ಲಿ ಹದಿನೆಂಟು ಜನಕ್ಕೆ ನಾನು ಹೇಳುವವರೆಗೆ ತಿಳಿದಿರಲಿಲ್ಲ. ಬೀದಿಯಲ್ಲಿ ನಡೆಯುವಾಗ ಎದುರಿಗೆ ಬರುವವರನ್ನು ನಾಲ್ಕು ನಾಲ್ಕಾಗಿ ಎಣಿಸುತ್ತೇನೆ, ಅದರಲ್ಲಿ ಒಬ್ಬರಿಗೆ ಇರಬೇಕು. ಯಾರ ಮುಖದಲ್ಲೂ ಏನೂ ಕಾಣುವುದಿಲ್ಲ.

ಫೆಬ್ರವರಿ 15

ಅಣ್ಣಾ ನಗರದಲ್ಲಿ ಒಂದು ದಿನದ ಕೆಲಸ. ಉಡುಪಿ ಕಡೆಯವರ ಹೋಟೆಲಿನಲ್ಲಿ ಎಲ್ಲರನ್ನೂ ನೋಡಿದೆವು. ಬಡಿಸುವ ಕಿಟ್ಟಣ್ಣ ಬೆಂಕಿಕಡ್ಡಿಯ ಹಾಗಿದ್ದಾರೆ. ಬೆಳಗಿನಿಂದ ಸಂಜೆವರೆಗೆ ನಡಿಗೆ, ಒಂದು ಬೀಡಿ ಕೂಡ ಇಲ್ಲ. 164/102. ಗಲ್ಲಾದಲ್ಲಿ ಕೂತ ಯಜಮಾನರ ಹೊಟ್ಟೆಗೆ ನಮ್ಮ ಟೇಪು ಸಾಲದು, ದಿನಕ್ಕೆ ಒಂದು ಪ್ಯಾಕ್ ಸಿಗರೇಟು. 126/80.

ಇದು ಹೇಗೆ ಎಂದು ಸರಸ ಡಾಕ್ಟರನ್ನು ಕೇಳಿದೆ.

"ಒಬ್ಬೊಬ್ಬರನ್ನೇ ನೋಡಿದರೆ ಏನೂ ಅರ್ಥವಾಗಲ್ಲ ಮಧುರಾ. ಸಾವಿರ ಜನರನ್ನ ಒಟ್ಟಿಗೆ ನೋಡು, ಆಗ ಉಪ್ಪು, ಹೊಟ್ಟೆ, ಸಿಗರೇಟು ಎಲ್ಲ ತಮ್ಮ ಜಾಗಕ್ಕೆ ಬಂದು ಕೂತ್ಕೊಳ್ತವೆ."

ಸರಿ. ಆದರೆ ಮನೆಯಲ್ಲಿ ಸಾವಿರ ಜನ ಇರುವುದಿಲ್ಲವಲ್ಲ.

ಫೆಬ್ರವರಿ 18

ನನ್ನ ಜೊತೆಯ ಅರವಿಂದ್ ಬಹಳ ಒಳ್ಳೆಯವನು. ತೋಳಿನ ಪಟ್ಟಿ ಸಡಿಲಿಸುತ್ತ ಹೋದಾಗ ಕಿವಿಯಲ್ಲಿ ಮೊದಲ ಟಕ್ ಕೇಳುವುದು ಹೇಗೆ ಎಂದು ಕಲಿಸಿದವನು ಅವನೇ. ಯಂತ್ರದ ಪೆಟ್ಟಿಗೆ ಭಾರ ಎಂದು ಬಸ್ ಸ್ಟಾಪಿನವರೆಗೆ ಅವನೇ ಹೊರುತ್ತಾನೆ. ಇವತ್ತು ಅವನ ಫಾರಂಗಳನ್ನು ಜೋಡಿಸುವಾಗ, ಸರಾಸರಿಯಲ್ಲಲ್ಲ, ಮೊದಲ ಸಲ ನೋಡಿದ್ದನ್ನು ಬರೆಯುವ ಜಾಗದಲ್ಲೇ 137/83 ಎಂದು ಕಂಡಿತು. ಕೆಳಗಿನ ಫಾರಂನಲ್ಲಿ 143/91. ಅದರ ಕೆಳಗೆ 129/77.

ನಮ್ಮ ಯಂತ್ರದಲ್ಲಿ ಗೆರೆಗಳು ಎರಡೆರಡಕ್ಕೆ ಇವೆ. 136 ಇದೆ, 138 ಇದೆ. 137 ಇಲ್ಲ.

"ಅರವಿಂದ್, ಈ ಮನೆಗಳಿಗೆ ಹೋಗಿದ್ಯಾ?"

ಅವನು ನಕ್ಕ. "ಮೂರು ಸಲ ಹೋದೆ ತಂಗಚ್ಚಿ, ಬೀಗ. ಡಾಕ್ಟರಿಗೆ ಸಂಖ್ಯೆ ಬೇಕು. ರೌಂಡಾಗಿ ಬರೆದರೆ ಅನುಮಾನ ಬರುತ್ತೆ ಅಂತ ಹೀಗೆ ಬರೆದೆ."

ಫೆಬ್ರವರಿ 21

ಶನಿವಾರ ಸರಸ ಡಾಕ್ಟರಿಗೆ ಹೇಳಿದೆ. ಇವತ್ತು ಅರವಿಂದನನ್ನು ಕಳಿಸಿಬಿಟ್ಟರು. ಅವನು ನನ್ನನ್ನು ಬೈಯಲಿಲ್ಲ. "ಇದರ ರಬ್ಬರು ಸ್ವಲ್ಪ ಲೀಕ್ ಇದೆ, ನೋಡ್ಕೊಂಡು ಬಳಸು" ಎಂದು ತನ್ನ ಯಂತ್ರವನ್ನು ನನ್ನ ಕೈಗೆ ಕೊಟ್ಟು ಹೋದ. ಅವನಿಗೆ ಐದು ತಿಂಗಳ ಮಗು ಇದೆ ಎಂದು ಆಮೇಲೆ ಯಾರೋ ಹೇಳಿದರು. ನಾನು ಮಾಡಿದ್ದು ಸರಿ. ಆದರೂ ಇವತ್ತು ಅವನ ಯಂತ್ರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲಿಲ್ಲ.

ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಅಪ್ಪ ಕೈ ನಿಲ್ಲಿಸಿದರು.

"ನೀನೇ ಹೋಗಿ ಹೇಳಿದ್ಯಾ?"

"ಹೌದು."

"ಹೇಳ್ತೀನಿ ಅಂತ ಮೊದಲು ಅವನಿಗೆ ಹೇಳಿದ್ಯಾ?"

"ಇಲ್ಲ."

ಅಪ್ಪ ಮೊಸರನ್ನ ಬಿಟ್ಟು ಎದ್ದರು. "ಸಾಕಾ ನಿನಗೆ? ದಿನಾ ಒಂದು ತರ್ತೀಯ" ಎಂದಳು ಅಮ್ಮ.

ಫೆಬ್ರವರಿ 27, ಭಾನುವಾರ

ಇವತ್ತು ಐದನೆಯ ಬಾಗಿಲು ನಮ್ಮದೇ. ನಾನು ಎಣಿಸಿದ್ದಲ್ಲ, ಪಟ್ಟಿ ಹಾಗೆ ಬಂದಿತ್ತು. ಅಪ್ಪನಿಗೆ ರಜೆ. ಅವರು ಬೀಚ್–ತಾಂಬರಂ ಎಲೆಕ್ಟ್ರಿಕ್ ಟ್ರೈನಿನ ಮೋಟರ್‌ಮ್ಯಾನ್. ಇಪ್ಪತ್ತಾರು ವರ್ಷದ ಸರ್ವಿಸು. ಬೇರೆ ದಿನ ಸಿಗುವುದಿಲ್ಲ, ಅದಕ್ಕೇ ನಮ್ಮ ಬಾಗಿಲು ಇಷ್ಟು ದಿನ ಬಾಕಿ ಉಳಿದಿತ್ತು.

ಮೊದಲು ಅಮ್ಮ. ಉಪ್ಪಿನಕಾಯಿ ಇಲ್ಲದೆ ತುತ್ತು ಇಳಿಯದವಳು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವಳು. 122/78.

ಅಪ್ಪನ ಫಾರಂ ತಲೆಯ ಮೇಲೆ "ಹರಿಹರ, ವಯಸ್ಸು 51" ಎಂದು ಬರೆದು ಕೂರಿಸಿದೆ. ಐದು ನಿಮಿಷ. ಫ್ಯಾನಿನ ಸದ್ದು ಮಾತ್ರ. ಅಪ್ಪನ ಎದುರಿಗೆ ಇಷ್ಟು ಹೊತ್ತು ನಾನು ಕೂತದ್ದು ಶಾಲೆ ಬಿಟ್ಟ ಮೇಲೆ ಇದೇ ಮೊದಲು. ಅವರ ತೋಳಿನ ಒಳಗಡೆ ಚರ್ಮ ಮಗುವಿನದರ ಹಾಗೆ ಬೆಳ್ಳಗಿದೆ. ಅದು ನನಗೆ ಗೊತ್ತೇ ಇರಲಿಲ್ಲ.

168/106. 164/104. 166/104.

"ಬರೀತೀಯಾ?" ಎಂದರು.

"ಬರೀತೀನಿ."

"ಏಪ್ರಿಲ್ ಹತ್ತನೇ ತಾರೀಕು ಅಪ್ಪನಿಗೆ ಮೆಡಿಕಲ್ ಕಣೇ" ಎಂದಳು ಅಮ್ಮ. ಗಾಡಿ ಓಡಿಸುವವರಿಗೆ ಕಣ್ಣು, ಕಿವಿ, ಬಿಪಿ ಎಲ್ಲ ನೋಡುತ್ತಾರೆ. ಸರಿಯಿಲ್ಲ ಎಂದರೆ ಗಾಡಿಯಿಂದ ಇಳಿಸಿ ಮೇಜಿನ ಮುಂದೆ ಕೂರಿಸುತ್ತಾರೆ.

"ಇದು ಸರ್ವೆ ಅಮ್ಮ. ಹೆಸರು ಯಾರಿಗೂ ಹೋಗಲ್ಲ."

"ಹೆಸರು ಹೋಗಲ್ಲ. ನೀನು ಹೋಗ್ತೀಯಲ್ಲ" ಎಂದರು ಅಪ್ಪ. ಚೀಟಿ ಕೊಟ್ಟೆ. ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು.

ಮಾರ್ಚ್ 3

ನಮ್ಮ ಮನೆಯವರನ್ನು ನಾನೇ ನೋಡಿದೆ ಎಂದು ಸರಸ ಡಾಕ್ಟರಿಗೆ ಹೇಳಿದ್ದೆ. ಹಾಗೆ ಮಾಡಬಾರದು, ಶುಕ್ರವಾರ ತಾವೇ ಬಂದು ಮತ್ತೆ ನೋಡುವುದಾಗಿ ಹೇಳಿದ್ದರು. ಇವತ್ತು ಬಂದರು. ಅಪ್ಪ ಬಿಳಿ ಶರ್ಟು ಹಾಕಿಕೊಂಡು ಕಾಯುತ್ತಿದ್ದರು.

140/88. 138/86. 134/84.

ನಾನು ನಂಬಲಿಲ್ಲ. ಯಂತ್ರ ಬದಲಿಸಿ ನೋಡಿ ಎಂದೆ. ಬದಲಿಸಿದರೂ ಅಷ್ಟೇ. ಕೆಳಗೆ ಇಳಿಯುವಾಗ ಡಾಕ್ಟರು ಹೇಳಿದರು, "ಕೆಲವರಿಗೆ ಅಳೆಯುವವರು ಯಾರು ಅನ್ನೋದರ ಮೇಲೆ ಏರುತ್ತೆ. ಡಾಕ್ಟರನ್ನ ಕಂಡರೆ ಏರೋದು ಸಾಮಾನ್ಯ. ಮಗಳನ್ನ ಕಂಡರೆ ಏರೋದು ನಾನೂ ಈಗಲೇ ನೋಡ್ತಿರೋದು." ತಮಾಷೆಗೆ ಹೇಳಿದ್ದು.

ಅಂದರೆ ನಾನು. ಫಾರಂ ತೆಗೆದು ಎರಡು ಸಲ ಓದಿದೆ. ಉಪ್ಪು ಇದೆ, ತೂಕ ಇದೆ, ಸಿಗರೇಟು ಇದೆ. ಮಗಳು ಎಂಬ ಕಾಲಂ ಇಲ್ಲ.

ಮಾರ್ಚ್ 5

ಅಪ್ಪ ಇರುವಾಗ ಒಳಗಿನ ಕೋಣೆಯಲ್ಲಿ ಇರುತ್ತೇನೆ. ಚಪ್ಪಲಿಯ ಸದ್ದು ಕೇಳಿದರೆ ರೇಡಿಯೊ ನಿಲ್ಲಿಸುತ್ತೇನೆ.

ಮಾರ್ಚ್ 8

ಹುಳಿ ಹೇಗಿದೆ ಎಂದು ಅಮ್ಮ ಕೇಳಿದಳು. ಉಪ್ಪು ಹೆಚ್ಚಾಗಿತ್ತು. ಚೆನ್ನಾಗಿದೆ ಎಂದೆ. ಅಪ್ಪ ತಲೆಯೆತ್ತಿ ನೋಡಿದರು.

ಮಾರ್ಚ್ 9

ಏನೂ ಇಲ್ಲ. ಇಪ್ಪತ್ತೊಂದು ತೋಳು.

ಮಾರ್ಚ್ 13

ಸಂಜೆ ಕೆಲಸ ಮುಗಿಸಿ ಮಾಂಬಲಂ ಸ್ಟೇಷನ್ನಿನ ಮೂಲಕ ಬರುತ್ತಿದ್ದೆ. ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಹನುಮಂತಯ್ಯ ಮಾಮ ಕೂತಿದ್ದರು. ಅಪ್ಪನ ಹಳೆಯ ಸ್ನೇಹಿತರು. ಗಾರ್ಡ್ ಆಗಿ ನಿವೃತ್ತರಾಗಿ ನಾಲ್ಕು ವರ್ಷವಾದರೂ ಸಂಜೆ ಬಂದು ಗಾಡಿ ಸರಿಯಾದ ಹೊತ್ತಿಗೆ ಬಂತೇ ಎಂದು ನೋಡದಿದ್ದರೆ ಅವರಿಗೆ ಊಟ ಸೇರುವುದಿಲ್ಲ.

"ಏನಮ್ಮಾ ಡಾಕ್ಟರೇ, ನಿಮ್ಮಪ್ಪನಿಗೆ ಹೇಳು, ನನ್ನ ಮಾತ್ರೆ ಪಟ್ಟಿ ವಾಪಸ್ ಕೊಡೋದಕ್ಕೆ. ನಾಲ್ಕು ದಿನಕ್ಕೆ ಅಂತ ಇಸ್ಕೊಂಡು ಹೋದ. ಇಲ್ಲಿ ನನ್ನ ತಲೆ ಗಿರ್ರಂತಿದೆ."

"ಯಾವ ಮಾತ್ರೆ?"

"ಬಿಪಿದು. ನಿಮ್ಮ ಡಾಕ್ಟರಮ್ಮ ಯಾರೋ ಬರ್ತಾರೆ ಅಂದನಲ್ಲ." ನನ್ನ ಮುಖ ನೋಡಿ ಅವರ ಧ್ವನಿ ಇಳಿಯಿತು. "ನಿನಗೆ ಗೊತ್ತಿಲ್ವಾ? ಹೋಗಲಿ ಬಿಡು, ನಾನು ಹೇಳಿದೆ ಅನ್ನಬೇಡ."

ಮನೆಯವರೆಗೆ ನಡೆದು ಬಂದೆ. ಇಲ್ಲಿ ಒಂದು ವಿಷಯ ಬರೆಯಬೇಕು, ಏಕೆಂದರೆ ಅದು ನಿಜ. ಕಾರಣ ನಾನಲ್ಲ ಎಂದು ತಿಳಿದ ಕೂಡಲೇ ನನಗೆ ಸಂತೋಷವಾಯಿತು. ಅಪ್ಪನಿಗೆ ನಿಜವಾಗಿಯೂ ಕಾಯಿಲೆ ಇದೆ ಎಂದು ತಿಳಿದು, ರೈಲ್ವೆ ಗೇಟಿನಿಂದ ನಮ್ಮ ಬೀದಿಯ ತಿರುವಿನವರೆಗೆ ನಾನು ಸಂತೋಷವಾಗಿದ್ದೆ.

ಮಾರ್ಚ್ 16

ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ನಾಲ್ಕು ದಿನ ತೆಗೆದುಕೊಂಡು ಬಿಟ್ಟರೆ ಏನಾಗುತ್ತದೆ ಎಂದು ಡಾಕ್ಟರನ್ನು ಕೇಳಿದೆ.

"ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಯಾರು?"

"ಸರ್ವೆಯಲ್ಲಿ ಸಿಕ್ಕಿದ ಒಬ್ಬರು."

ಸುಳ್ಳಲ್ಲ. ಅಪ್ಪ ಸರ್ವೆಯಲ್ಲಿ ಸಿಕ್ಕಿದವರೇ. ಆದರೆ ನಿಜವನ್ನು ಹೇಳಿದ ಹಾಗೂ ಅನಿಸಲಿಲ್ಲ. ಎರಡರ ನಡುವೆ ಒಂದು ಜಾಗ ಇದೆ ಎಂದು ನನಗೆ ತಿಳಿದಿರಲಿಲ್ಲ.

ಅರವಿಂದನಿಗೆ ನಾನು ಒಂದೇ ದಿನ ಕೊಟ್ಟಿದ್ದೆ. ಅಪ್ಪನಿಗೆ ಇವತ್ತಿಗೆ ಮೂರು ದಿನ.

ಮಾರ್ಚ್ 19, ಭಾನುವಾರ

ಆರು ದಿನ. ಬೆಳಿಗ್ಗೆ ಅಪ್ಪ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದರು. ಭಾನುವಾರ ಆ ಕೆಲಸ ಅವರದು. ನಾನೂ ಹೋಗಿ ಬಕೆಟ್ಟಿನಿಂದ ಒಂದೊಂದೇ ಹಿಂಡಿ ಕೊಡುತ್ತ ನಿಂತೆ.

"ಹನುಮಂತಯ್ಯ ಮಾಮನಿಗೆ ತಲೆ ಗಿರ್ರಂತಿದೆಯಂತೆ" ಎಂದೆ.

ಅಪ್ಪ ಪಂಚೆಯ ಎರಡು ತುದಿ ಹಿಡಿದು ಕೊಡವಿದರು. ನನ್ನ ಮುಖಕ್ಕೆ ಹನಿ ಬಿತ್ತು.

"ಹೋಗಿ ಹೇಳ್ತೀಯಾ?"

"ಗೊತ್ತಿಲ್ಲ."

"ನಿನ್ನ ಬಾಯಲ್ಲಿ ಗೊತ್ತಿಲ್ಲ ಅನ್ನೋ ಮಾತು ಇದೇ ಮೊದಲು ಕೇಳ್ತಿರೋದು."

ಗಾಡಿಯಲ್ಲಿ ಅಷ್ಟೊಂದು ಜನ ಇರುತ್ತಾರಲ್ಲ, ನಿಮಗೆ ಏನಾದರೂ ಆದರೆ ಎಂದು ಕೇಳಿದೆ. ಅಪ್ಪ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಮುಷ್ಟಿ ಕಟ್ಟಿ ತೋರಿಸಿದರು. ಗಾಡಿ ಓಡುವಷ್ಟು ಹೊತ್ತೂ ಒಂದು ಹಿಡಿಯನ್ನು ಹೀಗೆ ಒತ್ತಿ ಹಿಡಿದಿರಬೇಕಂತೆ. ಕೈ ಸಡಿಲವಾದರೆ ಬ್ರೇಕು ತಾನಾಗಿಯೇ ಹಿಡಿಯುತ್ತದೆ.

"ನಾನು ಸತ್ತರೂ ಗಾಡಿ ನಿಲ್ಲತ್ತೆ. ಜನಕ್ಕೆ ಏನೂ ಆಗಲ್ಲ. ಅದನ್ನ ಯೋಚನೆ ಮಾಡದೆ ಇರ್ತೀನಾ ನಾನು?"

"ಮತ್ತೆ ನಿಮಗೆ?"

ಅಪ್ಪ ಕ್ಲಿಪ್ಪುಗಳ ಡಬ್ಬಿಯನ್ನು ಹುಡುಕತೊಡಗಿದರು. ಅದು ಅವರ ಕೈಯಲ್ಲೇ ಇತ್ತು.

ಮಾರ್ಚ್ 24

ಹನ್ನೊಂದು ದಿನ. ಯಾರಿಗೂ ಹೇಳಿಲ್ಲ. ಹೇಳಬಾರದು ಎಂದು ನಿರ್ಧರಿಸಿಯೂ ಇಲ್ಲ. ರೈಲ್ವೆ ಆಸ್ಪತ್ರೆಯ ಕಡೆ ಹೋಗುವ ಬಸ್ಸು ನಿನ್ನೆ ನನ್ನ ಮುಂದೆಯೇ ನಿಂತಿತು. ಹತ್ತಲಿಲ್ಲ. ಅಂಬತ್ತೂರಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕಾರ್ಖಾನೆಯ ಕೆಲಸಗಾರರನ್ನು ನೋಡುವ ಕೆಲಸ ಇತ್ತು, ಅಲ್ಲಿಗೆ ಹೋದೆ. ಮೂವತ್ತೊಂದು ತೋಳು. ಒಂಬತ್ತು ಜನಕ್ಕೆ ಹೆಚ್ಚು. ಅವರಲ್ಲಿ ಒಬ್ಬ ಇಪ್ಪತ್ತೆರಡರವನು. ಚೀಟಿ ಕೊಟ್ಟಾಗ "ಇದನ್ನ ಫೋರ್‌ಮ್ಯಾನಿಗೆ ತೋರಿಸ್ತೀರಾ ಅಕ್ಕಾ?" ಎಂದು ಕೇಳಿದ. ಇಲ್ಲ ಎಂದೆ. ಅವನು ಮೂರು ಸಲ ಕೇಳಿದ. ಹಿಂದೆಯೂ ಜನ ಹೀಗೆ ಕೇಳಿರಬೇಕು. ನನ್ನ ಕಿವಿಗೆ ಬಿದ್ದಿರಲಿಲ್ಲವೋ ಏನೋ.

ಮಾರ್ಚ್ 27

ಬೆಳಗಿನ ಐದು ಗಂಟೆಗೆ ಅಪ್ಪ ನನ್ನನ್ನು ಎಬ್ಬಿಸಿದರು. ಅಮ್ಮ ನೀರಿನ ಲಾರಿಗೆ ಬಿಂದಿಗೆ ಇಡಲು ಕೆಳಗೆ ಹೋಗಿದ್ದಳು.

"ನಿನ್ನ ಡಬ್ಬಿ ತಗೊಂಡು ಬಾ. ನೋಡು ಒಂದ್ಸಲ."

ಹನುಮಂತಯ್ಯ ಮಾಮನ ಪಟ್ಟಿ ವಾಪಸ್ ಕೊಟ್ಟು ತಾವೇ ಅಂಗಡಿಯಲ್ಲಿ ಅದೇ ಮಾತ್ರೆ ತಂದುಕೊಂಡಿದ್ದಾರೆ. ನಾಲ್ಕು ದಿನದಿಂದ ತೆಗೆದುಕೊಳ್ಳುತ್ತಿದ್ದಾರೆ. ಇಳಿಯುತ್ತಿದೆಯೇ ಎಂದು ತಿಳಿಯಬೇಕು. ಹತ್ತನೇ ತಾರೀಕಿಗೆ ಎಷ್ಟಿರುತ್ತದೆ ಎಂದು ತಿಳಿಯಬೇಕು. ನನಗೆ ಅರ್ಥವಾಯಿತು. ಯಾಕೆ ನೋಡಿದೆನೋ ಅದು ಅರ್ಥವಾಗಿಲ್ಲ.

158/98.

ಮಾರ್ಚ್ 29

ಮಜ್ಜಿಗೆಗೆ ಉಪ್ಪು ಹಾಕಬೇಡಿ ಎಂದೆ. ಚೆನ್ನೈ ಬಿಸಿಲಲ್ಲಿ ಉಪ್ಪಿಲ್ಲದ ಮಜ್ಜಿಗೆ ಕುಡಿಯುವುದಕ್ಕಿಂತ ಮೇಜಿನ ಕೆಲಸವೇ ವಾಸಿ ಎಂದರು. ಆದರೂ ಕುಡಿದರು. 152/96.

ಏಪ್ರಿಲ್ 1

ಐದು ನಿಮಿಷ ಮುಗಿದು, ಮೂರು ಸಲ ನೋಡಿಯಾದ ಮೇಲೂ ಅಪ್ಪ ಏಳಲಿಲ್ಲ. ಫಾರಂನಲ್ಲಿ ನಿದ್ದೆ ಎಷ್ಟು ಗಂಟೆ ಎಂದು ಕೇಳಿದ್ದೆಯಲ್ಲ ಎಂದರು. ಆರು ಎಂದು ಬರೆಸಿದ್ದರು.

"ಮಲಗೋದು ಆರು ಗಂಟೆ. ನಿದ್ದೆ ಎಷ್ಟು ಅಂತ ನಾನು ಹೇಳಲಿಲ್ಲ."

ಕ್ರೋಂಪೇಟೆಯ ಹತ್ತಿರ ಹಳಿ ದಾಟುತ್ತಿದ್ದ ಒಬ್ಬ ಮನುಷ್ಯನ ವಿಷಯ ಹೇಳಿದರು. ತೊಂಬತ್ತೆರಡನೆಯ ಇಸವಿ. ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಎಷ್ಟು ದೂರ ಬೇಕು ಎಂದು ಅವರಿಗೆ ಗೊತ್ತು, ಆ ಮನುಷ್ಯನಿಗೆ ಗೊತ್ತಿಲ್ಲ. ಅವನು ಇವರನ್ನು ನೋಡಿದನಂತೆ. ಕೈಯಲ್ಲಿ ಚೀಲ ಇತ್ತಂತೆ. ಅದಾದ ಮೇಲೆ ತೊಂಬತ್ತೇಳರಲ್ಲಿ ಇನ್ನೊಬ್ಬ. ಅಮ್ಮನಿಗೆ ಮೊದಲನೆಯದು ಮಾತ್ರ ಗೊತ್ತು.

ಇದನ್ನು ಯಾವ ಕಾಲಂನಲ್ಲಿ ಬರೆಯುವುದು ಎಂದು ನಾನು ಕೇಳಲಿಲ್ಲ. ಕೇಳಬೇಕು ಅನಿಸಲೂ ಇಲ್ಲ. 148/92.

ಏಪ್ರಿಲ್ 5

142/88. ನಾವಿಬ್ಬರೂ ನಕ್ಕೆವು. ಏನು ಅಪ್ಪ ಮಗಳದು ಬೆಳಿಗ್ಗೆ ಬೆಳಿಗ್ಗೆ ಗುಸುಗುಸು ಎಂದು ಅಮ್ಮ ಅಡುಗೆಮನೆಯಿಂದ ಕೇಳಿದಳು. ಪೇಪರ್ ಓದುತ್ತಿದ್ದೇವೆ ಎಂದೆ.

ಏಪ್ರಿಲ್ 8

138/86.

ಏಪ್ರಿಲ್ 9, ಭಾನುವಾರ

ಮಧ್ಯಾಹ್ನ ಅಪ್ಪ ಮೆಡಿಕಲ್‌ನ ಫಾರಂ ತಂದು ನನ್ನ ಮುಂದೆ ಇಟ್ಟರು. "ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ. ನೀನು ಬರಿ, ಸೈನ್ ನಾನು ಮಾಡ್ತೀನಿ."

ಹೆಸರು, ಹುದ್ದೆ, ಹುಟ್ಟಿದ ದಿನ. ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದೆಯೇ, ಇಲ್ಲ. ಮೂರ್ಛೆ ಬಂದಿದೆಯೇ, ಇಲ್ಲ. ನಾನು ಇಂಗ್ಲಿಷಿನಲ್ಲಿ ಓದುತ್ತ ಹೋದೆ, ಅವರು ಹೇಳುತ್ತ ಹೋದರು. ಎಂಟನೆಯದು: ಈಗ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?

ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದರು. "ಇಲ್ಲ" ಎಂದರು.

ನಾನು "ನೋ" ಎಂದು ಬರೆದೆ.

ಏನೂ ಆಗಲಿಲ್ಲ. ಅಕ್ಷರ ಬೇರೆಯವುಗಳಷ್ಟೇ ದುಂಡಗೆ ಬಂತು. ಒಂಬತ್ತನೆಯ ಪ್ರಶ್ನೆ ಓದಿದೆ. ಅಪ್ಪ ಇನ್ನೂ ಎಂಟನೆಯ ಸಾಲನ್ನೇ ನೋಡುತ್ತಿದ್ದರು. "ಏನಪ್ಪಾ?" ಎಂದೆ. "ಏನಿಲ್ಲ, ಓದು" ಎಂದರು.

ಅಂಗಡಿಗೆ ಹೋಗಿ ಅವರ ಪೆನ್ನಿಗೆ ಹೊಸ ರೀಫಿಲ್ ತಂದುಕೊಟ್ಟೆ. ನಾಳೆ ಅಲ್ಲಿ ಸೈನ್ ಮಾಡುವಾಗ ನಿಂತುಹೋದರೆ ಕಷ್ಟ.

ಏಪ್ರಿಲ್ 10

ಬೆಳಿಗ್ಗೆ ನೋಡಿದಾಗ 136/86. ಇನ್ನೇನು ಬೇಕು ಎಂದು ಕೆಲಸಕ್ಕೂ ಹೋಗದೆ ಮನೆಯಲ್ಲೇ ಇದ್ದೆ. ಅಪ್ಪ ಎರಡು ಗಂಟೆಗೆ ಬಂದರು. ಕೈಕಾಲು ತೊಳೆದು ಊಟಕ್ಕೆ ಕೂತರು. ಅನ್ನ ಕಲಸುತ್ತ ಹೇಳಿದರು:

"ಮೂರು ತಿಂಗಳು ಗಾಡಿ ಇಲ್ಲ. ಆಫೀಸಿನಲ್ಲಿ ಕೂರಬೇಕು. ಸರಿಯಾಗಿ ಟ್ರೀಟ್‌ಮೆಂಟ್ ಕೊಟ್ಟು ಆಮೇಲೆ ಮತ್ತೆ ನೋಡ್ತಾರಂತೆ. ಗಾಡಿ ಕೊಡೋದು ಬಿಡೋದು ಆಗ."

ಅಮ್ಮ ಸೌಟು ಹಿಡಿದುಕೊಂಡೇ ಕೂತುಬಿಟ್ಟಳು.

"ಎಷ್ಟು ಬಂತು?" ಎಂದೆ.

"ನೂರ ಮೂವತ್ತೆಂಟು."

"ಮತ್ತೆ ಯಾಕೆ?"

ಅಪ್ಪ ಒಂದು ತುತ್ತು ತಿಂದು ನೀರು ಕುಡಿದರು. "ಡಾಕ್ಟರು ಫಾರಂ ನೋಡಿದ್ರು. ಅಕ್ಷರ ಬಹಳ ಚೆನ್ನಾಗಿದೆ, ಯಾರು ಬರೆದದ್ದು ಅಂತ ಕೇಳಿದ್ರು. ನನ್ನ ಮಗಳು ಅಂದೆ."

"ಅದಕ್ಕೆ?"

"ಅಂದ್ಬಿಟ್ಟ ಮೇಲೆ ಅದನ್ನ ಹಾಗೇ ಬಿಡೋಕೆ ಆಗ್ಲಿಲ್ಲ ಕಣೇ. ಫಾರಂ ವಾಪಸ್ ಇಸ್ಕೊಂಡು, ಆ ಎಂಟನೇದನ್ನ ಹೊಡೆದುಹಾಕಿ, ತಗೋತಿದೀನಿ ಅಂತ ಬರೆದು ಪಕ್ಕದಲ್ಲಿ ಸೈನ್ ಮಾಡ್ದೆ."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಇಪ್ಪತ್ತೆಂಟು ದಿನ ನಾನು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದೆ. ಅಷ್ಟು ಶುದ್ಧವಾಗಿ ಬರೆದ ಫಾರಂ. "ನಾನು ನಿಮಗೋಸ್ಕರ ಬರೆದದ್ದು ಅದು. ನಿಮ್ಮನ್ನ ಯಾರು ಹೊಡೆದುಹಾಕೋಕೆ ಹೇಳಿದ್ದು?" ಎಂದು ಕೂಗಿದೆ. ಕೂಗುತ್ತ ಅತ್ತುಬಿಟ್ಟೆ.

"ನನಗೋಸ್ಕರ ಅಂತ ಗೊತ್ತು" ಎಂದರು ಅಪ್ಪ. "ಅದಕ್ಕೇ."

"ಇಬ್ಬರೂ ಸೇರಿ ನನ್ನನ್ನ ಏನಂತ ತಿಳ್ಕೊಂಡಿದೀರ" ಎಂದಳು ಅಮ್ಮ. "ಪೇಪರ್ ಓದ್ತಿದೀವಿ ಅಂದಳಲ್ಲ ಇವಳು. ಇವಳು." ಆಮೇಲೆ ಎದ್ದು ಅಪ್ಪನ ಎಲೆಗೆ ಮಜ್ಜಿಗೆ ಬಡಿಸಿದಳು. ಅದಕ್ಕೆ ಉಪ್ಪು ಹಾಕಿದ್ದಳೋ ಇಲ್ಲವೋ, ನಾನು ಕೇಳಲಿಲ್ಲ.

ಇದರಲ್ಲಿ ಸರಿ ಮಾಡಿದ್ದು ಯಾರು? ನಾನು ಸುಳ್ಳು ಬರೆದೆ, ಅಪ್ಪ ನಿಜ ಬರೆದರು, ಗಾಡಿ ಹೋದದ್ದು ಅವರದು. ಎರಡು ವರ್ಷದ ಕೆಳಗೆ ನಾನು ಯಾವುದಕ್ಕಾಗಿ ಜಗಳವಾಡಿದೆನೋ ಅದನ್ನೇ ಇವತ್ತು ಅವರು ಮಾಡಿದ್ದಾರೆ. ನಾನು ಅದಕ್ಕೇ ಅವರನ್ನು ಬೈದಿದ್ದೇನೆ. ಬರೆದರೆ ತಿಳಿಯುತ್ತದೆ ಎಂದು ಕೂತೆ. ಬರೆದ ಮೇಲೂ ತಿಳಿಯಲಿಲ್ಲ.

ಏಪ್ರಿಲ್ 11

ಏಳು ಗಂಟೆ ದಾಟಿತು. ಅಪ್ಪ ಇನ್ನೂ ಮಲಗಿದ್ದಾರೆ. ಈ ಮನೆಯಲ್ಲಿ ಬಿಸಿಲು ಬಂದ ಮೇಲೆ ಅವರು ಹಾಸಿಗೆಯಲ್ಲಿ ಇದ್ದದ್ದನ್ನು ನಾನು ನೋಡಿಲ್ಲ. ಉಸಿರಾಡುತ್ತಿದ್ದಾರಾ ಎಂದು ಅಮ್ಮ ಎರಡು ಸಲ ಹೋಗಿ ನೋಡಿ ಬಂದಳು. ನಾನು ಮೂರು ಸಲ.